ಟ್ರೇಸ್ ಮಾಡಿದ ಗುಡುಗು: ಎಡೋ ಕಾಲದ ಜಪಾನಿನ ಚಿತ್ರ ಪಂಥಗಳು

ಮೊದಲಿಗೆ ಒಂದು ತಪ್ಪೊಪ್ಪಿಗೆ. ಫಸ್ಟ್ ಸೆಮ್‌ನಲ್ಲಿ ಡ್ರಾಯಿಂಗ್ ಶೀಟ್ ಸಬ್‌ಮಿಷನ್ ಹಿಂದಿನ ರಾತ್ರಿ ನಾವು ಮೂರು ಜನ ರೂಮ್‌ಮೇಟ್ಸ್ ಸೇರಿ ಎರಡು ಕುರ್ಚಿಗಳ ಮಧ್ಯೆ ಒಂದು ಗಾಜು ಇಟ್ಟೆವು. ಗಾಜಿನ ಕೆಳಗೆ ಮೊಬೈಲ್ ಟಾರ್ಚ್, ಮೇಲೆ ಸೀನಿಯರ್ ಕೊಟ್ಟ ಶೀಟು, ಅದರ ಮೇಲೆ ನಮ್ಮ ಖಾಲಿ ಶೀಟು. ಬೆಳಗಿನ ಜಾವ ಮೂರು ಗಂಟೆಗೆ ಎಲ್ಲ ಮುಗೀತು. ಗೆರೆಗಳು ಎಷ್ಟು ನೀಟಾಗಿದ್ದವು ಅಂದ್ರೆ ಸಹಿ ಹಾಕಿದವರು ಹೊಗಳಿಯೂ ಬಿಟ್ಟರು. ಆದರೆ ಮುಂದಿನ ವಾರದ ಟೆಸ್ಟಿನಲ್ಲಿ ಶಂಕುವನ್ನು ಓರೆಯಾಗಿ ಕತ್ತರಿಸಿದರೆ ಕಾಣುವ ಸೆಕ್ಷನ್ ಬರೆಯಿರಿ ಅಂತ ಕೇಳಿದಾಗ ಮೂವರಿಗೂ ಮೊದಲ ಗೆರೆ ಎಲ್ಲಿಂದ ಎಳೀಬೇಕು ಅಂತಾನೇ ತಿಳಿಯಲಿಲ್ಲ. ನಾವು ಟ್ರೇಸ್ ಮಾಡಿದ್ದ ಪ್ರಶ್ನೆಯೇ ಅದು, ಅಳತೆ ಮಾತ್ರ ಬೇರೆ.

ಈ ಕಥೆಗೂ ಜಪಾನಿಗೂ ಏನು ಸಂಬಂಧ ಅಂತ ಕೇಳಬಹುದು. ಈ ಸಲದ ಸಂಚಿಕೆಗೆ ನಾವು ಆರಿಸಿಕೊಂಡಿದ್ದು ಎಡೋ ಕಾಲದ ಚಿತ್ರಕಾರರನ್ನು. ಆರಿಸಿದ ಕಾರಣ ಅಷ್ಟೇನೂ ಘನವಾದದ್ದಲ್ಲ. ಕ್ಯಾಂಪಸ್ಸಿನಲ್ಲಿ ಅರ್ಧ ಜನರ ಲ್ಯಾಪ್‌ಟಾಪ್ ಮೇಲೆ ಆ ನೀಲಿ ಅಲೆಯ ಸ್ಟಿಕರ್ ಇದೆಯಲ್ಲ, ಅದನ್ನು ಬರೆದವನು ಯಾರು ಅಂತ ನೋಡಲು ಹೋದೆವು. ಹೋದಲ್ಲೆಲ್ಲ ಒಂದೇ ಜಗಳ ಸಿಕ್ಕಿತು: ಕಾಪಿ ಮಾಡಿ ಕಲಿಯಬೇಕಾ, ನೋಡಿ ಕಲಿಯಬೇಕಾ? ಇನ್ನೂರೈವತ್ತು ವರ್ಷ ನಡೆದ ಜಗಳ ಇದು. ನಮ್ಮ ಗಾಜಿನ ಶೀಟು ನೆನಪಾಗದೆ ಇರುತ್ತಾ?

ಹಿನ್ನೆಲೆ ಬೇಗ ಹೇಳಿ ಮುಗಿಸ್ತೀವಿ. 1603ರಲ್ಲಿ ತೊಕುಗಾವಾ ಇಯೆಯಾಸು ಶೋಗನ್ ಆದ. ಶೋಗನ್ ಅಂದರೆ ಸೇನಾಧಿಪತಿ, ಆದರೆ ನಿಜವಾದ ಅಧಿಕಾರ ಅವನ ಕೈಯಲ್ಲೇ. ಚಕ್ರವರ್ತಿ ಕ್ಯೋಟೋದಲ್ಲೇ ಉಳಿದ, ಸರ್ಕಾರ ನಡೆದಿದ್ದು ಎಡೋ ಎಂಬ ಊರಿನಿಂದ. ಇವತ್ತಿನ ಟೋಕಿಯೋ ಅದೇ. 1868ರವರೆಗೆ ಈ ಮನೆತನದ್ದೇ ಆಳ್ವಿಕೆ. ದೊಡ್ಡ ಯುದ್ಧಗಳು ನಿಂತವು, ಪಟ್ಟಣಗಳು ಬೆಳೆದವು, ವ್ಯಾಪಾರಿಗಳ ಕೈಯಲ್ಲಿ ದುಡ್ಡು ಓಡಾಡಿತು. ಯುರೋಪಿನವರಲ್ಲಿ ಡಚ್ಚರಿಗೆ ಮಾತ್ರ, ಅದೂ ನಾಗಸಾಕಿಯಲ್ಲಿ ಮಾತ್ರ, ವ್ಯಾಪಾರಕ್ಕೆ ಅವಕಾಶ. ಇನ್ನೊಂದು ವಿಷಯ: ಜಪಾನಿನಲ್ಲಿ ಮನೆತನದ ಹೆಸರು ಮೊದಲು ಬರುತ್ತೆ. ಕಾನೋ ತನ್ಯೂ ಅಂದರೆ ಕಾನೋ ಮನೆಯ ತನ್ಯೂ.

ಕಾನೋ ಮನೆಯಿಂದಲೇ ಶುರು ಮಾಡೋಣ, ಯಾಕಂದ್ರೆ ಉಳಿದವರೆಲ್ಲ ಒಂದಲ್ಲ ಒಂದು ರೀತಿ ಇವರ ಮೇಲೆ ಸಿಟ್ಟು ಮಾಡಿಕೊಂಡವರು. ಈ ಪಂಥ ಎಡೋಗಿಂತ ಹಳೆಯದು, 15ನೇ ಶತಮಾನದಲ್ಲಿ ಕಾನೋ ಮಸನೋಬು ಕಟ್ಟಿದ್ದು. ಅಪ್ಪನಿಂದ ಮಗನಿಗೆ, ಮಗನಿಲ್ಲದಿದ್ದರೆ ದತ್ತು ತಗೊಂಡ ಶಿಷ್ಯನಿಗೆ, ಹೀಗೆ ಸುಮಾರು ನಾನೂರು ವರ್ಷ ಸಾಗಿ ಬಂತು. ನಮ್ಮ ಸಂಗೀತದ ಘರಾಣೆಗಳನ್ನು ನೆನೆಸಿಕೊಂಡರೆ ಅರ್ಥ ಆಗುತ್ತೆ. 1602ರಲ್ಲಿ ಹುಟ್ಟಿದ ತನ್ಯೂ 1617ರಲ್ಲಿ ಶೋಗನ್ನನ ಅಧಿಕೃತ ಚಿತ್ರಕಾರನಾದ. ನಾವು ಟೆಂತ್ ಬರೆಯುವ ವಯಸ್ಸಿನಲ್ಲಿ ಅವನಿಗೆ ಗವರ್ನ್‌ಮೆಂಟ್ ಕೆಲಸ! 1626ರಲ್ಲಿ ಕ್ಯೋಟೋದ ನಿಜೋ ಕೋಟೆಯ ಅರಮನೆಗೆ ತನ್ನ ತಂಡ ಕಟ್ಟಿಕೊಂಡು ಹೋಗಿ, ಬಂಗಾರದ ಹಾಳೆ ಹಚ್ಚಿದ ಗೋಡೆಗಳ ಮೇಲೆ ದೈತ್ಯ ಪೈನ್ ಮರಗಳನ್ನೂ ಹುಲಿಗಳನ್ನೂ ಬರೆಸಿದ. ಒಳಗೆ ಬಂದ ಸಾಮಂತರು ಆ ಮರಗಳ ಕೆಳಗೆ ಕೂತು ಸಣ್ಣವರಾಗಬೇಕು, ಲೆಕ್ಕಾಚಾರ ಅದು.

ಇಷ್ಟು ದೊಡ್ಡ ಕೆಲಸ ಒಬ್ಬನಿಂದ ಆಗಲ್ಲ. ಹತ್ತಾರು ಕೈಗಳು ಒಂದೇ ಕೈಯಂತೆ ಓಡಬೇಕು. ಅದಕ್ಕೆ ಕಾನೋ ಮನೆ ಕಂಡುಕೊಂಡ ದಾರಿ ಫುನ್‌ಪೋನ್, ಅಂದರೆ ಮಾದರಿ ಚಿತ್ರಗಳು. ಹುಡುಗ ಬಂದು ಸೇರಿದ ಕೂಡಲೇ ಗುರುವಿನ ಮಾದರಿಗಳನ್ನು ಕಾಪಿ ಮಾಡಬೇಕು. ಬಂಡೆ ಹೇಗೆ, ಬಿದಿರು ಹೇಗೆ, ಕೊಕ್ಕರೆ ಹೇಗೆ ಎಲ್ಲಕ್ಕೂ ಮಾದರಿ ಇದೆ. ಹೀಗೆ ವರ್ಷಗಟ್ಟಲೆ. ಕಾಪಿ ಮಾಡುವ ವಿಧಾನದಲ್ಲೂ ಒಂದು ಜಾಣತನ ಇತ್ತು. ಮೂಲದ ಮೇಲೆ ತೆಳು ಕಾಗದ ಹಾಸಿ, ಅದರ ಒಂದು ತುದಿಯನ್ನು ಕೋಲಿಗೆ ಸುತ್ತಿಕೊಂಡು, ಮೇಲೆ ಎತ್ತಿ ಮೂಲ ನೋಡೋದು, ಕೆಳಗೆ ಬಿಟ್ಟು ಗೆರೆ ಎಳೆಯೋದು, ಮತ್ತೆ ಎತ್ತೋದು. ಕಣ್ಣಲ್ಲಿ ಉಳಿದ ರೂಪ ಆರುವ ಮೊದಲು ಕೈ ಓಡಬೇಕು. ನಮ್ಮ ಗಾಜು ಮತ್ತು ಟಾರ್ಚಿಗೆ ಹೋಲಿಸಿ ನೋಡಿ. ನಮ್ಮದರಲ್ಲಿ ಗೆರೆ ಕೆಳಗಿನಿಂದ ಸದಾ ಕಾಣುತ್ತಲೇ ಇತ್ತು, ನೆನಪಿಗೆ ಕೆಲಸವೇ ಇರಲಿಲ್ಲ. ಅವರದರಲ್ಲಿ ಪ್ರತಿ ಗೆರೆಗೂ ಒಂದು ಸಣ್ಣ ಪರೀಕ್ಷೆ.

ತನ್ಯೂವಿನ ತಮ್ಮ ಯಸುನೋಬು 1680ರಲ್ಲಿ ಚಿತ್ರಕಲೆ ಬಗ್ಗೆ ಒಂದು ಗ್ರಂಥ ಬರೆದ. ಅದರಲ್ಲಿ ಅವನು ಚಿತ್ರವನ್ನು ಎರಡು ಜಾತಿ ಮಾಡ್ತಾನೆ: ಹುಟ್ಟು ಪ್ರತಿಭೆಯಿಂದ ಬಂದದ್ದು, ಕಲಿಕೆಯಿಂದ ಬಂದದ್ದು. ಯಾವುದು ಮೇಲು? ಕಲಿಕೆಯದ್ದೇ ಅಂತಾನೆ. ಕಾರಣ ಸರಳ. ಪ್ರತಿಭೆ ಆ ಮನುಷ್ಯನ ಜೊತೆಗೇ ಹೋಗುತ್ತೆ, ಕಲಿತದ್ದನ್ನು ಮಾತ್ರ ಮುಂದಿನವನಿಗೆ ದಾಟಿಸಬಹುದು. ಇದನ್ನು ಓದಿದಾಗ ನಮಗೆ ನಗು ಬಂತು, ಆಮೇಲೆ ನಗು ನಿಂತಿತು. ಎಂಜಿನಿಯರಿಂಗ್ ಕಾಲೇಜು ಅನ್ನೋದು ನಿಂತಿರೋದೇ ಈ ನಂಬಿಕೆ ಮೇಲೆ ಅಲ್ವಾ? ಸೇತುವೆ ಕಟ್ಟೋಕೆ ಪ್ರತಿ ಸಲ ಒಬ್ಬ ಮಹಾಪ್ರತಿಭೆ ಹುಟ್ಟಲಿ ಅಂತ ಕಾಯೋಕಾಗಲ್ಲ. ಕಾನೋದವರನ್ನು ಬರೀ ಕಾಪಿಕೋರರು ಅಂತ ಬೈಯುವವರು ಬಹಳ ಜನ ಇದ್ದಾರೆ. ಎಡೋದ ಕೊನೆಯ ಹೊತ್ತಿಗೆ ಅವರ ಕೆಲಸ ಸಪ್ಪೆಯಾಗಿತ್ತು ಅನ್ನೋದೂ ನಿಜ. ಆದರೆ ಬೈಯುವವರಲ್ಲಿ ಎಷ್ಟೋ ಜನ ಕುಂಚ ಹಿಡಿಯೋದು ಕಲಿತದ್ದು ಯಾವುದಾದರೂ ಕಾನೋ ಗುರುವಿನ ಹತ್ತಿರವೇ.

ಹಾಗೆ ಕಲಿತು ಹೊರಗೆ ಬಂದವರಲ್ಲಿ ನಮಗೆ ತುಂಬ ಇಷ್ಟವಾದವನು ಇಟೋ ಜಕುಚೂ. 1716ರಲ್ಲಿ ಕ್ಯೋಟೋದ ನಿಶಿಕಿ ಮಾರ್ಕೆಟ್ಟಿನ ತರಕಾರಿ ಸಗಟು ವ್ಯಾಪಾರಿಯ ಮನೆಯಲ್ಲಿ ಹುಟ್ಟಿದ. ಅಪ್ಪ ಹೋದ ಮೇಲೆ ಮಂಡಿ ನೋಡಿಕೊಂಡ, ಆದರೆ ಮನಸ್ಸು ಅಲ್ಲಿರಲಿಲ್ಲ. ನಲವತ್ತಕ್ಕೆ ವ್ಯಾಪಾರವನ್ನು ತಮ್ಮನಿಗೆ ಬಿಟ್ಟುಕೊಟ್ಟು ಚಿತ್ರ ಬರೆಯುತ್ತಾ ಕೂತ. ಅವನ ಸ್ನೇಹಿತನಾಗಿದ್ದ ದಾಯ್ತೆನ್ ಎಂಬ ಝೆನ್ ಭಿಕ್ಷು ಅವನ ಕಲಿಕೆಯ ಕಥೆಯನ್ನು ಬರೆದಿಟ್ಟಿದ್ದಾನೆ. ಮೊದಲು ಕಾನೋ ಪದ್ಧತಿ ಕಲಿತ. ಇದನ್ನೇ ಮಾಡುತ್ತಾ ಹೋದರೆ ಕಾನೋದವರನ್ನು ದಾಟೋದಿಲ್ಲ ಅನ್ನಿಸಿ ಅದನ್ನು ಬಿಟ್ಟ. ಆಮೇಲೆ ಹಳೆಯ ಚೀನಾ ಚಿತ್ರಗಳನ್ನು ಸಾವಿರದಷ್ಟು ಕಾಪಿ ಮಾಡಿದ. ಅಷ್ಟು ಮಾಡಿದ ಮೇಲೆ ಅವನಿಗೆ ಹೊಳೆದಿದ್ದು ಇದು: ಆ ಚೀನಾದವನು ವಸ್ತುವನ್ನು ನೋಡಿ ಬರೆದ, ನಾನು ಅವನು ಬರೆದದ್ದನ್ನು ನೋಡಿ ಬರೀತಾ ಇದೀನಿ, ಹಾಗಾದರೆ ನಾನು ಯಾವಾಗಲೂ ಒಂದು ಹೆಜ್ಜೆ ಹಿಂದೆ.

ಹಾಗಂತ ಅಂಗಳದಲ್ಲಿ ಹತ್ತಾರು ಕೋಳಿ ಸಾಕಿದ. ಸುಮ್ಮನೆ ನೋಡಿದ, ವರ್ಷಗಟ್ಟಲೆ. ಆಮೇಲೆ ಬರೆದ. 1757ರ ಸುಮಾರಿಗೆ ಶುರು ಮಾಡಿ ಹತ್ತು ವರ್ಷದಲ್ಲಿ ಪ್ರಾಣಿ, ಹಕ್ಕಿ, ಮೀನು, ಹುಳ, ಗಿಡಗಳ 30 ರೇಷ್ಮೆ ಚಿತ್ರಗಳ ಮಾಲೆ ಮುಗಿಸಿ ಶೋಕೊಕುಜಿ ದೇವಾಲಯಕ್ಕೆ ಕೊಟ್ಟ. ಅದರಲ್ಲಿನ ಹುಂಜಗಳನ್ನು ಸ್ಕ್ರೀನ್ ಮೇಲೆ ಜೂಮ್ ಮಾಡಿ ನೋಡಿ. ಒಂದೊಂದು ಪುಕ್ಕಕ್ಕೂ ಬೇರೆ ಬೇರೆ ಗೆರೆ. ಇಷ್ಟಾದರೂ ಅದು ಫೋಟೋ ಥರ ಇಲ್ಲ. ಹುಂಜಗಳಿಗೆ ಒಂಥರಾ ಹುಚ್ಚು ಹಿಡಿದ ಹಾಗಿದೆ. ರೇಷ್ಮೆಯ ಹಿಂಬದಿಯಿಂದಲೂ ಬಣ್ಣ ಹಚ್ಚಿದ್ದಾನೆ, ಮುಂದಿನಿಂದ ನೋಡಿದರೆ ಒಳಗಿನಿಂದ ಹೊಳೆಯೋ ಹಾಗೆ. ಮಾಲೆಯ ಒಂದು ಮೀನಿನಲ್ಲಿ ಪ್ರಷ್ಯನ್ ನೀಲಿ ಸಿಕ್ಕಿದೆ. ಆ ಹೊತ್ತಿಗೆ ಅದು ಯುರೋಪಿನಿಂದ ಬರುವ ದುಬಾರಿ ರಾಸಾಯನಿಕ ಬಣ್ಣ. ಜಪಾನಿನಲ್ಲಿ ಅದನ್ನು ಬಳಸಿದ ತೀರಾ ಮೊದಲ ಉದಾಹರಣೆಗಳಲ್ಲಿ ಇದೂ ಒಂದು.

ಜಕುಚೂ ಬಗ್ಗೆ ಓದಿದ ದಿನ ನಮಗೆ ನೆನಪಾಗಿದ್ದು ನಮ್ಮ ಕ್ಯಾರೆಟ್ಟು. ಟೆಸ್ಟ್ ಹಾಳಾದ ಮೇಲೆ, ಫೈನಲ್ ಎಕ್ಸಾಮಿಗೆ ಮುಂಚೆ ಮೆಸ್ಸಿನ ಭಟ್ಟರ ಹತ್ತಿರ ನಾಲ್ಕು ಕ್ಯಾರೆಟ್ ಇಸಕೊಂಡು ಬಂದು ರೂಮಿನಲ್ಲಿ ಓರೆಯಾಗಿ ಕತ್ತರಿಸಿದ್ದೆವು. ಒಂದು ಕಡೆಯಿಂದ ಕತ್ತರಿಸಿದರೆ ಎಲಿಪ್ಸ್, ಬದಿಗೆ ಸಮಾನಾಂತರವಾಗಿ ಕತ್ತರಿಸಿದರೆ ಪ್ಯಾರಾಬೋಲಾ. ಪುಸ್ತಕದಲ್ಲಿ ನೂರು ಸಲ ಓದಿದ್ದು ಕೈಯಲ್ಲಿ ತಣ್ಣಗೆ, ಒದ್ದೆಯಾಗಿ ಕೂತಿತ್ತು. ಜಕುಚೂಗೆ ಕೋಳಿ, ನಮಗೆ ಕ್ಯಾರೆಟ್. (ಹೋಲಿಕೆ ಜಾಸ್ತಿ ಆಯ್ತು, ಕ್ಷಮಿಸಿ. ಎಷ್ಟೇ ಆಗಲಿ ಅವನೂ ತರಕಾರಿ ಮಂಡಿಯವನೇ.)

ಅದೇ ಊರಲ್ಲಿ ಅದೇ ಕಾಲದಲ್ಲಿ ಮರುಯಾಮಾ ಓಕ್ಯೋ ಇದ್ದ. 1733ರಲ್ಲಿ ರೈತನ ಮನೆಯಲ್ಲಿ ಹುಟ್ಟಿದವನು. ಇವನ ಗುರುವೂ ಕಾನೋ ಸಂಪ್ರದಾಯದವನೇ. ಹುಡುಗನಾಗಿದ್ದಾಗ ಒಂದು ಆಟಿಕೆ ಅಂಗಡಿಗೆ, ಮಸೂರದ ಮೂಲಕ ನೋಡಿದರೆ ಆಳ ಕಾಣಿಸುವ ಪರ್ಸ್‌ಪೆಕ್ಟಿವ್ ಚಿತ್ರಗಳನ್ನು ಬರೆದುಕೊಡುತ್ತಿದ್ದ. ಅಂದಿನ ವಿಆರ್ ಅನ್ನಿ! ಆ ಅಭ್ಯಾಸ ಅವನ ಕಣ್ಣನ್ನೇ ಬದಲಿಸಿತು. ಶಾಸೆಯ್, ಅಂದರೆ ಬದುಕಿರುವುದನ್ನು ನೋಡಿ ಬರೆಯೋದು, ಇದೇ ಅವನ ಪಂಥದ ಮಂತ್ರ ಆಯಿತು. ಜಪಾನಿನಲ್ಲಿ ಹುಲಿ ಇಲ್ಲ. ಹಾಗಾಗಿ ಹೊರದೇಶದಿಂದ ಬಂದ ಹುಲಿ ಚರ್ಮ ನೋಡಿ, ಮನೆಯ ಬೆಕ್ಕನ್ನು ನೋಡಿ, ಎರಡೂ ಸೇರಿಸಿ ಹುಲಿ ಬರೆದರು. ಅವನ ಶಿಷ್ಯ ನಾಗಸಾವಾ ರೋಸೆತ್ಸು 1786ರಲ್ಲಿ ಕುಶಿಮೋತೋದ ಮುರ್ಯೋಜಿ ದೇವಾಲಯದ ಬಾಗಿಲುಗಳ ಮೇಲೆ ಬರೆದ ಹುಲಿಯನ್ನು ನೋಡಿದರೆ ನಗು ತಡೆಯೋಕಾಗಲ್ಲ. ಮೂರು ಬಾಗಿಲಗಲದ, ಮೀನಿನ ಮೇಲೆ ಹಾರೋಕೆ ರೆಡಿಯಾದ ಬೆಕ್ಕು ಅದು. ಇನ್ನೊಂದು ತಮಾಷೆ. ನೋಡಿಯೇ ಬರೆಯಬೇಕು ಅಂದ ಓಕ್ಯೋ, ಹಕ್ಕಿಗಳ ಒಂದು ಸುರುಳಿಯನ್ನು ತನಗಿಂತ ಹಿರಿಯನಾದ ವತನಬೆ ಶಿಕೋನ ಸ್ಕೆಚ್ಚುಗಳಿಂದ ಕಾಪಿ ಮಾಡಿದ್ದಾನೆ. ಸಿದ್ಧಾಂತ ಒಂದು ಕಡೆ, ಸಬ್‌ಮಿಷನ್ ಒಂದು ಕಡೆ.

ಅರಮನೆಗೆ ಹಳೆಯ ಜಪಾನೀ ಕಥೆಗಳನ್ನು ಬರೆಯುತ್ತಿದ್ದ ತೋಸಾ ಪಂಥ, ಕವಿತೆ ಬರೆಯುತ್ತಲೇ ಚಿತ್ರ ಬರೆದ ಇಕೆ ನೋ ತಾಯ್ಗಾ ಮತ್ತು ಯೋಸಾ ಬುಸೋನ್ ಅವರ ಪಂಡಿತ ಪಂಥ, ಇವೆಲ್ಲ ಇವೆ. ಆದರೆ ನಿಮಗೆ ಆ ಅಲೆ ಬೇಕು ಅಂತ ಗೊತ್ತು.

ಉಕಿಯೋ-ಎ ಅಂದರೆ ತೇಲುವ ಲೋಕದ ಚಿತ್ರಗಳು. ನಾಟಕದ ನಟರು, ಸುಮೋ ಜಟ್ಟಿಗಳು, ವೇಶ್ಯೆಯರ ಬೀದಿಯ ಸುಂದರಿಯರು, ಆಮೇಲೆ ಪ್ರವಾಸದ ತಾಣಗಳು: ಪೇಟೆ ಜನ ಕೊಳ್ಳುವ ಎಲ್ಲ. ಬಹುಪಾಲು ಮರದಚ್ಚಿನ ಮುದ್ರಣ. ಇಲ್ಲಿ ನಾಲ್ಕು ಪಾಲುದಾರರು. ಪ್ರಕಾಶಕ ದುಡ್ಡು ಹಾಕ್ತಾನೆ, ಚಿತ್ರಕಾರ ಗೆರೆ ಕೊಡ್ತಾನೆ, ಕೆತ್ತುವವನು ಕೆತ್ತುತ್ತಾನೆ, ಅಚ್ಚು ಹಾಕುವವನು ಬಣ್ಣ ಒತ್ತುತ್ತಾನೆ. ಚಿತ್ರಕಾರ ಬರೆದ ಹಾಳೆಯನ್ನು ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ ಅದರ ಮೂಲಕವೇ ಕೆತ್ತುತ್ತಾರೆ. ಅಂದರೆ ಆ ಮೂಲ ಹಾಳೆ ಅಲ್ಲಿಗೆ ನಾಶ. ಕಾಪಿಗಳು ಸಾವಿರ, ಒರಿಜಿನಲ್ ಮಾತ್ರ ಇಲ್ಲ! ಪ್ರತಿ ಬಣ್ಣಕ್ಕೂ ಬೇರೆ ಹಲಗೆ. ಬಣ್ಣ ಗೆರೆ ದಾಟದಂತೆ ಕೂರಬೇಕಾದರೆ ಹಾಳೆಯನ್ನು ಪ್ರತಿ ಸಲ ಅದೇ ಜಾಗದಲ್ಲಿ ಇಡಬೇಕು. ಅದಕ್ಕೆ ಪ್ರತಿ ಹಲಗೆಯ ಮೂಲೆಯಲ್ಲೊಂದು, ಅಂಚಿನಲ್ಲೊಂದು ಗುರುತಿನ ಕಚ್ಚು. ಹೆಸರು ಕೆಂತೋ. ವರ್ಕ್‌ಶಾಪಿನಲ್ಲಿ ಜಿಗ್ ಬಗ್ಗೆ ಕಲಿತವರಿಗೆ ಬೇರೆ ವಿವರಣೆ ಬೇಡ. 1765ರಲ್ಲಿ ಸುಜುಕಿ ಹರುನೋಬು ಕಾಲಕ್ಕೆ ಹೀಗೆ ಪೂರ್ತಿ ಬಹುವರ್ಣದ ಅಚ್ಚುಗಳು ಬಂದವು.

ಅಲೆ ಬರೆದ ಹೊಕುಸಾಯ್ 1760ರಲ್ಲಿ ಎಡೋದಲ್ಲಿ ಹುಟ್ಟಿದ. ಹುಡುಗನಾಗಿ ಹಲಗೆ ಕೆತ್ತುವ ಕೆಲಸ ಮಾಡಿ, ಜಪಾನೀ ಲೆಕ್ಕದಲ್ಲಿ ಹತ್ತೊಂಬತ್ತನೇ ವಯಸ್ಸಿಗೆ, ಅಂದರೆ ನಮ್ಮ ವಯಸ್ಸಿಗೆ, ಕತ್ಸುಕಾವಾ ಶುನ್‌ಶೋ ಬಳಿ ಸೇರಿದ. ಗುರುವಿನ ಹೆಸರಿನ ಒಂದು ಅಕ್ಷರ ಶಿಷ್ಯನಿಗೆ ಸಿಗೋದು ವಾಡಿಕೆ, ಹಾಗೆ ಶುನ್‌ರೋ ಆದ. ಗುರು ತೀರಿಕೊಂಡ ಮೇಲೆ ಆ ಪಂಥ ಬಿಟ್ಟ. ಆಮೇಲೆ ಕೆಲವು ವರ್ಷ ಸೋರಿ ಎಂಬ ಇನ್ನೊಂದು ಪಂಥದ ಹೆಸರು ಹೊತ್ತ, ಅದನ್ನೂ ಶಿಷ್ಯನಿಗೆ ಕೊಟ್ಟು ಹೊರಬಂದ. ಚೀನಾದ್ದು ಕಲಿತ, ಡಚ್ ಚಿತ್ರಗಳ ಪರ್ಸ್‌ಪೆಕ್ಟಿವ್ ಕಲಿತ. ಫ್ಯೂಜಿ ಬೆಟ್ಟದ ಮಾಲೆ, ಆ ಅಲೆ, ಎಲ್ಲ 1830ರ ಆಸುಪಾಸಿನದು, ಅಂದರೆ ಎಪ್ಪತ್ತು ಮುಟ್ಟಿದ ಮೇಲೆ. ಅಷ್ಟು ಹೊತ್ತಿಗೆ ಪ್ರಷ್ಯನ್ ನೀಲಿ ಅಗ್ಗವಾಗಿ ಸಿಗುತ್ತಿತ್ತು. ಜಕುಚೂಗೆ ಒಂದು ಮೀನಿಗೆ ಸಾಕಾಗುವಷ್ಟು ಸಿಕ್ಕ ಬಣ್ಣದಲ್ಲಿ ಇವನು ಇಡೀ ಸಮುದ್ರ ಒತ್ತಿಸಿದ. ಅವನ ಮಗಳು ಓಯಿ ಕೂಡ ದೊಡ್ಡ ಚಿತ್ರಕಾರ್ತಿ. ದೀಪದ ಬೆಳಕನ್ನು ಅವಳ ಹಾಗೆ ಬರೆದವರು ಆಗ ಕಡಿಮೆ. ಅವಳ ಹೆಸರಿನ ಸ್ಟಿಕರ್ ಇನ್ನೂ ನೋಡಿಲ್ಲ.

ಈಗ ಲೇಖನದ ತಲೆಬರಹಕ್ಕೆ ಬರ್ತೀವಿ. ರಿನ್ಪಾ ಅನ್ನೋದು ಒಂದು ವಿಚಿತ್ರ ಪಂಥ. ಗುರುಕುಲ ಇಲ್ಲ, ವಂಶ ಇಲ್ಲ. ಗುರು ಶಿಷ್ಯರು ಎಷ್ಟೋ ಸಲ ಒಬ್ಬರನ್ನೊಬ್ಬರು ನೋಡಿಯೇ ಇಲ್ಲ, ನಡುವೆ ನೂರು ನೂರು ವರ್ಷ. ಮೊದಲನೆಯವನು ತವರಾಯಾ ಸೋತಾತ್ಸು, 17ನೇ ಶತಮಾನದ ಆರಂಭದಲ್ಲಿ ಕ್ಯೋಟೋದಲ್ಲಿ ಬೀಸಣಿಗೆಗೆ ಚಿತ್ರ ಬರೆಯುವ ಅಂಗಡಿ ನಡೆಸುತ್ತಿದ್ದವನು. ಒದ್ದೆ ಬಣ್ಣದ ಮೇಲೆ ಇನ್ನೊಂದು ಬಣ್ಣದ ಹನಿ ಬಿಟ್ಟು ಅದು ತಾನಾಗಿ ಹರಡಲು ಬಿಡುವ ತಂತ್ರ ಅವನದು. ಕೆನ್ನಿಂಜಿ ದೇವಾಲಯದಲ್ಲಿದ್ದ ಅವನ ಒಂದು ಜೋಡಿ ಮಡಿಚು ಪರದೆಯ ಮೇಲೆ, ಬರೀ ಬಂಗಾರದ ಬಯಲಲ್ಲಿ, ಎಡಕ್ಕೆ ಬಿಳಿಯ ಗುಡುಗಿನ ದೇವರು, ಬಲಕ್ಕೆ ಹಸಿರು ಗಾಳಿ ದೇವರು. ನಡುವೆ ಏನೂ ಇಲ್ಲ. ಗುಡುಗಿನ ದೇವರ ಸುತ್ತ ಇರುವ ಚಂಡೆಗಳು ಪರದೆಯ ಅಂಚಿಗೆ ಕತ್ತರಿಸಿ ಹೋಗಿವೆ, ಈಗಷ್ಟೇ ಆಕಾಶದಿಂದ ನುಗ್ಗಿದ ಹಾಗೆ. ಸಹಿ ಕೂಡ ಇಲ್ಲ.

ಸುಮಾರು ನೂರು ವರ್ಷ ಆದ ಮೇಲೆ ಓಗಾತಾ ಕೋರಿನ್ ಅದನ್ನು ನೋಡಿದ. ಕಿಮೋನೋ ವ್ಯಾಪಾರದ ಶ್ರೀಮಂತ ಮನೆಯವನು, ಅಪ್ಪನ ಆಸ್ತಿ ಪೂರ್ತಿ ಉಡಾಯಿಸಿ, ಹೊಟ್ಟೆಪಾಡಿಗೆ ಚಿತ್ರಕ್ಕೆ ಇಳಿದವನು. ಅವನ ಐರಿಸ್ ಹೂಗಳ ಪರದೆಯಲ್ಲಿ ಒಂದೇ ಹೂಗೊಂಚಲ ಆಕಾರ ಮತ್ತೆ ಮತ್ತೆ ಬರುತ್ತೆ, ಬಟ್ಟೆಯ ಅಚ್ಚಿನ ಥರ. ರಿನ್ಪಾ ಅನ್ನೋ ಹೆಸರಿನ ರಿನ್ ಬಂದಿರೋದು ಇವನ ಹೆಸರಿನಿಂದಲೇ. ಈ ಕೋರಿನ್ ಸೋತಾತ್ಸುವಿನ ದೇವರುಗಳನ್ನು ಏನು ಮಾಡಿದ ಗೊತ್ತಾ? ಟ್ರೇಸ್ ಮಾಡಿದ. ಎರಡರ ಹೊರರೇಖೆಗಳನ್ನು ಹೋಲಿಸಿದರೆ ಹೆಚ್ಚುಕಮ್ಮಿ ಒಂದರ ಮೇಲೊಂದು ಕೂರುತ್ತವೆ.

ಇದನ್ನು ಓದಿದಾಗ ನಮಗೆ ಖುಷಿ ತಡೆಯಲಾಗಲಿಲ್ಲ. ಆದರೆ ಪಕ್ಕ ಪಕ್ಕ ಇಟ್ಟು ನೋಡಿದರೆ ಅವು ಎರಡು ಬೇರೆ ಚಿತ್ರಗಳು. ಕೋರಿನ್ ಪರದೆ ಸ್ವಲ್ಪ ದೊಡ್ಡದು, ಅದರಲ್ಲಿ ಚಂಡೆಗಳು ಪೂರ್ತಿ ಒಳಗೆ ಬಂದಿವೆ. ಮೋಡ ಕಪ್ಪಾಗಿ ಭಾರವಾಗಿದೆ. ಸೋತಾತ್ಸುವಿನ ದೇವರುಗಳು ತಮ್ಮ ಪಾಡಿಗೆ ಹಾರುತ್ತಿದ್ದರೆ, ಇಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡ್ತಾ ಇದ್ದಾರೆ. ಗೆರೆ ಅದೇ, ಸಂಬಂಧ ಬೇರೆ. ನಮಗೆ ವೈಯಕ್ತಿಕವಾಗಿ ಸೋತಾತ್ಸುವೇ ಮೇಲು. ಕೋರಿನ್ ಆ ಚಂಡೆಗಳನ್ನು ಒಳಗೆ ತಂದು ಗುಡುಗನ್ನು ಸ್ವಲ್ಪ ಪಳಗಿಸಿಬಿಟ್ಟ ಅನ್ನಿಸುತ್ತೆ.

ಮತ್ತೆ ನೂರು ವರ್ಷ. ಎಡೋದಲ್ಲಿ ಸಕಾಯ್ ಹೋಯಿತ್ಸು. ಹಿಮೇಜಿಯ ದೊರೆಯ ತಮ್ಮ, 1797ರಲ್ಲಿ ಸಂನ್ಯಾಸ ತಗೊಂಡವನು. ಅವನ ಪೂರ್ವಜರು ಕೋರಿನ್‌ಗೆ ಆಶ್ರಯ ಕೊಟ್ಟಿದ್ದವರು. 1815ರಲ್ಲಿ ಕೋರಿನ್ ಸತ್ತು ನೂರು ವರ್ಷ ಆಯಿತೆಂದು ಹೋಯಿತ್ಸು ಅವನ ಪುಣ್ಯತಿಥಿ ಮಾಡಿಸಿ, ಚಿತ್ರಗಳನ್ನು ಹುಡುಕಿ ಪ್ರದರ್ಶನಕ್ಕಿಟ್ಟು, ನೂರು ಚಿತ್ರಗಳ ಪುಸ್ತಕ ಅಚ್ಚು ಹಾಕಿಸಿದ. ಗುಡುಗು ಗಾಳಿ ದೇವರನ್ನು ಅವನೂ ಬರೆದ. ಅವನಿಗೆ ಸೋತಾತ್ಸುವಿನ ಮೂಲ ಗೊತ್ತೇ ಇರಲಿಲ್ಲ, ಕೋರಿನ್‌ನದ್ದೇ ಮೂಲ ಅಂದುಕೊಂಡಿದ್ದ ಅಂತ ತಿಳಿದವರು ಹೇಳ್ತಾರೆ. ಕಾಪಿಯ ಕಾಪಿ! ನಿಜ ಹೇಳಬೇಕಂದ್ರೆ ಮೂರರಲ್ಲಿ ಅದು ಕೊನೆಯ ಸ್ಥಾನ.

ಆದರೆ ಹೋಯಿತ್ಸು ಇನ್ನೊಂದು ಕೆಲಸ ಮಾಡಿದ. 1821ರ ಸುಮಾರಿಗೆ ಕೋರಿನ್‌ನ ಅದೇ ಪರದೆಯ ಹಿಂಬದಿಗೆ ಚಿತ್ರ ಬರೆಯುವ ಅವಕಾಶ ಬಂತು. ಮುಂದೆ ಬಂಗಾರ, ಅವನು ಹಿಂದೆ ಬೆಳ್ಳಿ ಹಚ್ಚಿದ. ಗುಡುಗಿನ ದೇವರ ಬೆನ್ನಿಗೆ ಮಳೆಯಲ್ಲಿ ನೆನೆದು ಬಾಗಿದ ಬೇಸಿಗೆಯ ಗಿಡಗಳು, ಮೇಲೆ ಮೂಲೆಯಲ್ಲಿ ಉಕ್ಕಿ ಹರಿಯುವ ನೀರು. ಗಾಳಿ ದೇವರ ಬೆನ್ನಿಗೆ ಶರತ್ಕಾಲದ ಹುಲ್ಲು, ಬಳ್ಳಿ, ಗಾಳಿಗೆ ಕಿತ್ತು ಹಾರುವ ಕೆಂಪು ಎಲೆಗಳು. ದೇವರುಗಳು ಆ ಕಡೆ ಗುಡುಗಿದ್ದಕ್ಕೆ ಈ ಕಡೆ ನೆಲದ ಮೇಲೆ ಏನಾಯ್ತು ಅನ್ನೋದನ್ನು ಬರೆದ. ಒಂದು ಗೆರೆಯನ್ನೂ ಕದಿಯಲಿಲ್ಲ. ನೂರು ವರ್ಷ ಹಿಂದಿನವನ ಜೊತೆ ಕೂತು ಮಾತಾಡಿದ ಹಾಗಿದೆ. ಹಾಳಾಗಬಾರದೆಂದು ಮುಂದು ಹಿಂದನ್ನು ಈಗ ಬೇರೆ ಮಾಡಿದ್ದಾರೆ, ಎರಡೂ ಟೋಕಿಯೋ ನ್ಯಾಷನಲ್ ಮ್ಯೂಸಿಯಂನಲ್ಲಿವೆ.

1868ರಲ್ಲಿ ಶೋಗನ್ನನ ಆಳ್ವಿಕೆ ಬಿತ್ತು, ಕಾನೋ ಮನೆಗಳ ಸಂಬಳ ನಿಂತಿತು. ಕಾನೋ ಪದ್ಧತಿಯಲ್ಲಿ ಬೆಳೆದ ಹಶಿಮೋತೋ ಗಾಹೋ ನೌಕಾ ಶಾಲೆಯಲ್ಲಿ ಡ್ರಾಯಿಂಗ್ ಕೆಲಸಕ್ಕೆ ಸೇರಿ ಹೊಟ್ಟೆ ಹೊರೆದ, ಹೌದು, ನಮ್ಮ ಥರದ್ದೇ ಡ್ರಾಯಿಂಗ್. ಆಮೇಲೆ 1889ರಲ್ಲಿ ಟೋಕಿಯೋದ ಹೊಸ ಕಲಾಶಾಲೆ ತೆರೆದಾಗ ಅಲ್ಲಿ ಮೇಷ್ಟರಾದ. ಅವನ ಶಿಷ್ಯರಾದ ಯೋಕೋಯಾಮಾ ತಾಯ್ಕಾನ್, ಹಿಶಿದಾ ಶುನ್‌ಸೋ 1903ರಲ್ಲಿ ಕಲ್ಕತ್ತಾಕ್ಕೆ ಬಂದರು. ತಾಯ್ಕಾನ್ ಕುಂಚದಲ್ಲಿ ನೀರು ತುಂಬಿ ಚಿತ್ರವನ್ನು ತೋಯಿಸುವುದನ್ನು ನೋಡಿದ ಅವನೀಂದ್ರನಾಥ ಟಾಗೋರರು ತಮ್ಮ ಚಿತ್ರವನ್ನು ಪೂರ್ತಿ ನೀರಿನಲ್ಲೇ ಅದ್ದಿ ತೆಗೆದರು. ವಾಶ್ ಪದ್ಧತಿ ಬಂದಿದ್ದು ಹೀಗೆ. ಅವನೀಂದ್ರರ ಬಳಿ ಕಲಿಯಲು ಮೈಸೂರಿನಿಂದ ಹೋದವರು ನಮ್ಮ ಕೆ. ವೆಂಕಟಪ್ಪನವರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ ಅಂತ ಬೋರ್ಡು ನೋಡಿ ಎಷ್ಟು ಸಲ ಬಸ್ಸಲ್ಲಿ ಮುಂದೆ ಹೋಗಿದ್ದೀವಿ. ಊಟಿಯ ಮಂಜನ್ನು ಜಲವರ್ಣದಲ್ಲಿ ಬರೆದ ಅವರ ಕೈಗೂ ಎಡೋದ ಆ ಕಾಗದ ಎತ್ತಿ ಬಿಡುವ ಹುಡುಗರಿಗೂ ನಡುವೆ ಮೂರೇ ಜನ.

ಹೋಯಿತ್ಸುನ ಬೆಳ್ಳಿ ಪರದೆ, ಕೋರಿನ್‌ನ ಬಂಗಾರದ ಪರದೆ ಎರಡೂ ಆ ಮ್ಯೂಸಿಯಂನ ಸೈಟಿನಲ್ಲಿ ನೋಡಲು ಸಿಗುತ್ತವೆ, ಮೊಬೈಲಿನಲ್ಲಿ ಬೇಡ, ಲೈಬ್ರರಿಯ ದೊಡ್ಡ ಮಾನಿಟರಿನಲ್ಲಿ ನೋಡಿ. ಮತ್ತೆ ಫಸ್ಟ್ ಇಯರಿನವರಿಗೆ ಒಂದು ಮಾತು. ಸಬ್‌ಮಿಷನ್ ಹತ್ತಿರ ಬಂತಂತೆ, ನಮ್ಮ ರೂಮಿನ ಬಾಗಿಲು ತಟ್ಟುವವರು ಶುರುವಾಗಿದ್ದಾರೆ. ಶೀಟು ಕೊಡ್ತೀವಿ. ಗಾಜು ಕೊಡಲ್ಲ. ಕ್ಯಾರೆಟ್ ಮಾತ್ರ ನೀವೇ ತರಬೇಕು.